ಟೆಸ್ಟ್ ಫೇಲ್ ಆಯ್ತು, ತಪ್ಪು ಕ್ಯಾಲೆಂಡರ್‌ದು!

ಶುಕ್ರವಾರ ರಾತ್ರಿ ಹನ್ನೊಂದು ಗಂಟೆ. ಹಾಸ್ಟೆಲ್ ಮೆಸ್ಸಿನ ಚಿತ್ರಾನ್ನ ಹೊಟ್ಟೆಯಲ್ಲಿ ಭಾರವಾಗಿ ಕೂತಿತ್ತು. ಎದುರಿನ ಲ್ಯಾಪ್‌ಟಾಪ್ ಪರದೆಯ ಕೊನೇ ಸಾಲಿನಲ್ಲಿ ‘ರಿಸಲ್ಟ್: ಫೇಲ್’ ಎಂಬ ಎರಡೇ ಪದ. ಮರುದಿನ ಬೆಳಿಗ್ಗೆ ಹತ್ತಕ್ಕೆ ಮಿನಿ ಪ್ರಾಜೆಕ್ಟ್ ರಿವ್ಯೂ. ‘ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡಿದ್ದೇವೆ, ಎಲ್ಲ ಟೆಸ್ಟ್‌ಗಳೂ ಪಾಸ್ ಆಗಿವೆ’ ಎಂಬ ಸಾಲನ್ನು ನಾನು ವರದಿಯಲ್ಲಿ ಎರಡು ದಿನ ಮೊದಲೇ ಟೈಪ್ ಮಾಡಿಟ್ಟಿದ್ದೆ. ಟೆಸ್ಟ್ ಓಡಿಸಿದ್ದು ಮಾತ್ರ ಆಮೇಲೆ!

ನಮ್ಮದು ದೊಡ್ಡ ಪ್ರಾಜೆಕ್ಟೇನಲ್ಲ. ಹಾಸ್ಟೆಲ್ ನೀರಿನ ಟ್ಯಾಂಕ್‌ನಲ್ಲಿ ಎಷ್ಟು ನೀರಿದೆ ಎಂದು ಒಂದು ಸೆನ್ಸರ್ ಸರ್ವರ್‌ಗೆ ತಿಳಿಸಬೇಕು, ನಡುವೆ ಯಾರೂ ಅದನ್ನು ತಿದ್ದಬಾರದು. ಈ ‘ತಿದ್ದಬಾರದು’ ಎನ್ನುವ ಭಾಗಕ್ಕೇ ಓಪನ್‌ಎಸ್‌ಎಸ್‌ಎಲ್ ಬೇಕು. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಬರೆದಿದ್ದ ‘ಎಸ್‌ಎಸ್‌ಎಲ್‌ಇಎವೈ’ ಎಂಬ ಲೈಬ್ರರಿಯಿಂದ 1998ರಲ್ಲಿ ಕವಲೊಡೆದ ಈ ಓಪನ್ ಸೋರ್ಸ್ ಲೈಬ್ರರಿ ಇಂದು ಜಗತ್ತಿನ ಅಸಂಖ್ಯ ಸರ್ವರ್‌ಗಳಲ್ಲಿದೆ. ಸೀನಿಯರ್‌ಗಳಿಂದ ಬಂದ ನಮ್ಮ ಕೋಡ್ ಅದರ 1.1.1ಕೆ ಆವೃತ್ತಿಗೆ ಹೊಂದಿಕೊಂಡಿತ್ತು. ಪೆನ್‌ಡ್ರೈವ್‌ನಲ್ಲಿ ಅದರ ಜಿಪ್ ಫೈಲೂ ಕೈದಾಟಿ ಬಂದಿತ್ತು. ‘ಅದನ್ನೇ ಬಿಲ್ಡ್ ಮಾಡ್ಕೊಳ್ಳಿ, ಹೊಸದು ಹಾಕಿದ್ರೆ ನಮ್ ಕೋಡ್ ಕಂಪೈಲ್ ಆಗಲ್ಲ’ ಎಂದಿದ್ದರು ಸೀನಿಯರ್.

ಬಿಲ್ಡ್ ಮಾಡುವುದು ಹೇಳಿಕೊಳ್ಳುವಷ್ಟು ಕಷ್ಟವಲ್ಲ. ಸಿ ಕಂಪೈಲರ್, ಮೇಕ್, ಪರ್ಲ್ ಇದ್ದರೆ ಸಾಕು. ಫೋಲ್ಡರ್ ಒಳಗೆ ಹೋಗಿ ಮೊದಲು ‘ಕಾನ್ಫಿಗ್’, ಆಮೇಲೆ ‘ಮೇಕ್’, ಆಮೇಲೆ ‘ಮೇಕ್ ಟೆಸ್ಟ್’, ಕೊನೆಗೆ ‘ಮೇಕ್ ಇನ್‌ಸ್ಟಾಲ್’. ಹೆಚ್ಚಿನವರು ಮೂರನೆಯದನ್ನು ಹಾರಿಸಿ ನಾಲ್ಕನೆಯದಕ್ಕೆ ಹೋಗುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿ, ಲ್ಯಾಬ್‌ನ ಒಂದು ಕಂಪ್ಯೂಟರ್‌ನಲ್ಲಿ ಹಳೆಯ ಲೈಬ್ರರಿಯೊಂದಿಗೆ ಹೊಸದನ್ನು ಕಲಸಿಟ್ಟು, ‘ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ’ ಎಂಬ ದೂರು ಬರಿಸಿ ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಬೈಸಿಕೊಂಡಿದ್ದೆ. ಬೈದ ಮೇಲೆ ಅವರೇ ದಾರಿ ಹೇಳಿದರು: ಕಾನ್ಫಿಗ್ ಮಾಡುವಾಗಲೇ ‘ಪ್ರಿಫಿಕ್ಸ್’ ಎಂಬ ಆಯ್ಕೆ ಕೊಟ್ಟು, ನಮ್ಮ ಹೋಮ್ ಫೋಲ್ಡರ್‌ನೊಳಗೇ ಇನ್‌ಸ್ಟಾಲ್ ಆಗುವಂತೆ ಮಾಡಬೇಕು. ಕೆಟ್ಟರೆ ನಮ್ಮದಷ್ಟೇ ಕೆಡುತ್ತದೆ. ನೀವು ಮಾಡುವುದಾದರೆ ಹೀಗೇ ಮಾಡಿ.

ಆ ಶುಕ್ರವಾರಕ್ಕೆ ಬರೋಣ. ‘ಮೇಕ್ ಟೆಸ್ಟ್’ ಎಂದರೆ ಒಂದು ಪರೀಕ್ಷೆಯಲ್ಲ. 1.1.1 ಸರಣಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಟೆಸ್ಟ್ ಫೈಲ್‌ಗಳಿವೆ. ಒಂದೊಂದೂ ‘ಓಕೆ’, ‘ಓಕೆ’ ಎನ್ನುತ್ತಾ ಪರದೆಯ ಮೇಲೆ ಏರಿ ಹೋಗುವುದನ್ನು ನೋಡುತ್ತಾ ಕೂತರೆ ಒಂಥರಾ ನೆಮ್ಮದಿ. ಕೊನೆಯ ಹೊತ್ತಿಗೆ ಕೈಕೊಟ್ಟವು ಬೆರಳೆಣಿಕೆಯಷ್ಟು ಮಾತ್ರ. ಅದರಲ್ಲೊಂದು 80ನೇ ಸಂಖ್ಯೆಯ ಗುಂಪಿನ ‘ಎಸ್‌ಎಸ್‌ಎಲ್ ನ್ಯೂ’.

ಪಕ್ಕದಲ್ಲಿದ್ದ ರೂಮ್‌ಮೇಟ್, ಪ್ರಾಜೆಕ್ಟ್‌ನಲ್ಲೂ ಜೊತೆಗಾರ, ಬಗ್ಗಿ ನೋಡಿದ. ‘ಮಗಾ, ಅದೊಂದ್ ಫೈಲ್ ಡಿಲೀಟ್ ಮಾಡಿ ಇನ್ನೊಂದ್ಸಲ ರನ್ ಮಾಡು. ಪಾಸ್ ಅಂತ ಬರುತ್ತೆ. ಸ್ಕ್ರೀನ್‌ಶಾಟ್ ಹಾಕಿ ಮಲ್ಕೋ.’

ಸುಳ್ಳು ಯಾಕೆ ಹೇಳಲಿ, ಕೈ ಕೀಬೋರ್ಡ್‌ಗೆ ಹೋಗಿತ್ತು. ತಡೆದದ್ದು ನನ್ನ ಒಳ್ಳೆಯತನವೂ ಅಲ್ಲ. ಅದೇ ಸೆಮಿಸ್ಟರ್‌ನಲ್ಲಿ ಸೆಮಿನಾರ್‌ಗೆಂದು ಓದಿದ್ದ ಡೆಬಿಯನ್ ಕಥೆ ನೆನಪಾಯಿತು.

ಡೆಬಿಯನ್ ಎಂಬುದು ಲಿನಕ್ಸ್‌ನ ಜನಪ್ರಿಯ ಆವೃತ್ತಿ. 2006ರಲ್ಲಿ ಅದರಲ್ಲಿ ಓಪನ್‌ಎಸ್‌ಎಸ್‌ಎಲ್ ಭಾಗ ನೋಡಿಕೊಳ್ಳುತ್ತಿದ್ದವರಿಗೆ ಒಂದು ಕಿರಿಕಿರಿ ಇತ್ತು. ಮೆಮೊರಿ ದೋಷ ಹುಡುಕುವ ವಾಲ್‌ಗ್ರೈಂಡ್ ಎಂಬ ಉಪಕರಣ, ಯಾದೃಚ್ಛಿಕ ಸಂಖ್ಯೆ ತಯಾರಿಸುವ ಕೋಡ್ ಬಗ್ಗೆ ‘ಇಲ್ಲಿ ಬೆಲೆ ತುಂಬದ ಮೆಮೊರಿ ಬಳಕೆಯಾಗುತ್ತಿದೆ’ ಎಂದು ಎಚ್ಚರಿಸುತ್ತಲೇ ಇತ್ತು. ಎಚ್ಚರಿಕೆ ನಿಲ್ಲಲೆಂದು ಎರಡು ಕಡೆ ಒಂದೊಂದು ಸಾಲನ್ನು ಕಾಮೆಂಟ್ ಮಾಡಿದರು. ಎಚ್ಚರಿಕೆ ನಿಂತಿತು. ಆದರೆ ಅವುಗಳಲ್ಲೊಂದು ಸಾಲು, ಹೊರಗಿನಿಂದ ಬರುವ ಯಾದೃಚ್ಛಿಕತೆಯನ್ನೆಲ್ಲ ಒಳಗೆ ಬೆರೆಸುವ ಸಾಲಾಗಿತ್ತು. ಅದು ಹೋದ ಮೇಲೆ ಬೇರೆ ಬೇರೆಯಾಗಿ ಬರಲು ಉಳಿದದ್ದು ಪ್ರೋಗ್ರಾಂನ ಪ್ರೋಸೆಸ್ ಸಂಖ್ಯೆ ಮಾತ್ರ. ಅದರ ಗರಿಷ್ಠ ಸಾಧ್ಯತೆ 32,768. ಅಂದರೆ ಒಂದು ಬಗೆಯ ಕಂಪ್ಯೂಟರ್‌ನಲ್ಲಿ, ಒಂದು ಅಳತೆಯ ಕೀಲಿ ತಯಾರಿಸಿದರೆ ಜಗತ್ತಿನಲ್ಲಿ ಸಿಗುವ ಕೀಲಿಗಳು ಹೆಚ್ಚುಕಮ್ಮಿ ಅಷ್ಟೇ! ಒಂದು ಲ್ಯಾಪ್‌ಟಾಪ್ ಕೂಡ ಅಷ್ಟನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಲ್ಲದು.

ಹೊರಗಿನಿಂದ ನೋಡಿದರೆ ಎಲ್ಲ ಸರಿಯೇ ಇತ್ತು. ಕೀಲಿಗಳು ತಯಾರಾಗುತ್ತಿದ್ದವು, ಸಂಪರ್ಕ ಏರ್ಪಡುತ್ತಿತ್ತು, ಬೀಗ ಹಾಕುತ್ತಿತ್ತು, ತೆಗೆಯುತ್ತಿತ್ತು. ಲೂಸಿಯಾನೊ ಬೆಲ್ಲೊ ಎಂಬುವರು ಪತ್ತೆಹಚ್ಚಿ, 2008ರ ಮೇ 13ರಂದು ಡೆಬಿಯನ್ ಪ್ರಕಟಿಸುವವರೆಗೆ, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ, ಉಬುಂಟು ಬಳಸುವವರೂ ಸೇರಿ ಜನ ಆ ದುರ್ಬಲ ಕೀಲಿಗಳನ್ನೇ ನಂಬಿಕೊಂಡಿದ್ದರು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಗದ್ದಲ ಮಾಡುತ್ತಿದ್ದ ಒಂದು ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದರು, ಅಷ್ಟೇ. ನಾನು ಆ ರಾತ್ರಿ ಮಾಡಹೊರಟಿದ್ದೂ ಅದನ್ನೇ.

ಹಾಗಾಗಿ ಡಿಲೀಟ್ ಬಿಟ್ಟು, ಆ ಒಂದೇ ಟೆಸ್ಟನ್ನು ವಿವರ ತೋರಿಸುವ ‘ವರ್ಬೋಸ್’ ಆಯ್ಕೆಯೊಂದಿಗೆ ಮತ್ತೆ ಓಡಿಸಿದೆ. ಪರದೆ ತುಂಬ ಸಾಲುಗಳು. ಮೊದಲು ಕೊನೆಯ ಸಾಲುಗಳನ್ನು ಓದಿ ತಲೆಕೆಡಿಸಿಕೊಂಡೆ. ಓದಬೇಕಾದದ್ದು ಮೊದಲು ಬಂದ ದೋಷವನ್ನು ಎಂದು ತಿಳಿಯಲು ಮುಕ್ಕಾಲು ಗಂಟೆ ಹೋಯಿತು. ಮೇಲೆ ಸ್ಕ್ರಾಲ್ ಮಾಡಿದಾಗ ಸಿಕ್ಕಿದ್ದು: ಸರ್ವರ್‌ನ ಪ್ರಮಾಣಪತ್ರದ ಪರಿಶೀಲನೆ ವಿಫಲ. ಸರಿ, ಆ ಪ್ರಮಾಣಪತ್ರವಾದರೂ ಎಂಥದ್ದು? ಅದು ಟೆಸ್ಟ್ ಫೋಲ್ಡರ್‌ನಲ್ಲೇ ಇರುವ ಒಂದು ಫೈಲ್. ಆಗಷ್ಟೇ ಬಿಲ್ಡ್ ಮಾಡಿದ್ದ ಓಪನ್‌ಎಸ್‌ಎಸ್‌ಎಲ್‌ನಿಂದಲೇ ಅದನ್ನು ತೆರೆದು ದಿನಾಂಕ ಕೇಳಿದೆ. ಸಿಂಧುತ್ವ ಆರಂಭ: 2012ರ ಜೂನ್ 1. ಮುಕ್ತಾಯ: 2022ರ ಜೂನ್ 1.

ಅವಧಿ ಮುಗಿದ ಬಸ್ ಪಾಸ್! ಕಂಡಕ್ಟರ್ ಇಳಿಸಿದ್ದು ಸರಿಯಾಗೇ ಇತ್ತು. ಲೈಬ್ರರಿಯ ಕೋಡ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ, ಹಳಸಿದ ಪ್ರಮಾಣಪತ್ರವನ್ನು ತಿರಸ್ಕರಿಸಿತ್ತು. ಹತ್ತು ವರ್ಷದ ಹಿಂದೆ ‘2022 ಬರಲು ಇನ್ನೂ ಎಷ್ಟು ಕಾಲವಿದೆ’ ಎಂದುಕೊಂಡವರ ಲೆಕ್ಕವಷ್ಟೇ ತಪ್ಪಿದ್ದು.

ಆದರೆ ಇದು ನನ್ನ ಊಹೆ. ಸಾಬೀತು ಮಾಡಬೇಕಲ್ಲ? ಲ್ಯಾಪ್‌ಟಾಪಿನ ದಿನಾಂಕವನ್ನೇ 2021ಕ್ಕೆ ತಿರುಗಿಸಿದೆ. ಕೂಡಲೇ ಎರಡು ಅವಾಂತರ. ಬ್ರೌಸರ್‌ನಲ್ಲಿ ತೆರೆದಿದ್ದ ಪುಟಗಳೆಲ್ಲ ‘ಈ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ’ ಎಂದು ಕೂಗಿಕೊಂಡವು. ಇತ್ತ ಮೇಕ್, ‘ನಿನ್ನ ಫೈಲ್‌ಗಳು ಭವಿಷ್ಯದಿಂದ ಬಂದಿವೆ, ಗಡಿಯಾರದಲ್ಲಿ ಏನೋ ಎಡವಟ್ಟಾಗಿದೆ’ ಎಂಬರ್ಥದ ಎಚ್ಚರಿಕೆ ಕೊಟ್ಟಿತು. ಫೈಲಿನ ಸಮಯ ನೋಡಿಯೇ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕೆಂದು ಮೇಕ್ ನಿರ್ಧರಿಸುವುದು ಎಂಬುದನ್ನು ಮೂರನೇ ಸೆಮಿಸ್ಟರ್‌ನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆವತ್ತು. ಕೊನೆಗೆ ಒಂದು ವರ್ಚುವಲ್ ಮಷೀನ್ ಎಬ್ಬಿಸಿ, ಸಮಯ ತಾನಾಗಿ ಸರಿಹೋಗುವುದನ್ನು ನಿಲ್ಲಿಸಿ, ದಿನಾಂಕ 2021ರ ಮೇ ಎಂದಿಟ್ಟು, ಅದರೊಳಗೆ ಮೊದಲಿನಿಂದ ಬಿಲ್ಡ್ ಮಾಡಿದೆ. ರಾತ್ರಿ ಮೂರೂಕಾಲಿಗೆ ‘ಎಲ್ಲ ಟೆಸ್ಟ್‌ಗಳೂ ಯಶಸ್ವಿ’ ಎಂದಿತು. ರೂಮ್‌ಮೇಟ್ ಗೊರಕೆ ಹೊಡೆಯುತ್ತಿದ್ದ. ವರದಿಯ ಸಾಲು ತಿದ್ದಿ, ಫೇಲ್ ಆದ ಟೆಸ್ಟ್‌ಗಳ ಹೆಸರು ಮತ್ತು ಕಾರಣ ಬರೆದು ಮಲಗಿದೆ.

ರಿವ್ಯೂನಲ್ಲಿ ಶಭಾಷ್‌ಗಿರಿ ನಿರೀಕ್ಷಿಸಿದ್ದೆ. ಗೈಡ್ ಮೇಡಂ ಪೂರ್ತಿ ಕೇಳಿ, ‘ದಿನಾಂಕದ ವಿಷಯ ಸರಿ. ಆದರೆ ಅಷ್ಟು ಹಳೆಯ ಆವೃತ್ತಿಯನ್ನೇ ಯಾಕೆ ಇಟ್ಟುಕೊಂಡಿದ್ದೀರಿ?’ ಎಂದರು. ನಿಜವೇ. ಆ ಟೆಸ್ಟ್ ಪ್ರಮಾಣಪತ್ರಗಳನ್ನು 2022ರ ಜೂನ್‌ನಲ್ಲಿ ಬಂದ 1.1.1ಪಿ ಆವೃತ್ತಿಯಲ್ಲಿ ಬದಲಿಸಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಬೇಕೆಂದೇ ಕೆಡಿಸಿದ ಪ್ರಮಾಣಪತ್ರವೊಂದನ್ನು ಕಳಿಸಿ ಪ್ರೋಗ್ರಾಂ ಕೊನೆಯಿಲ್ಲದ ಲೂಪ್‌ನಲ್ಲಿ ಸಿಕ್ಕಿಬೀಳುವಂತೆ ಮಾಡಬಹುದಾಗಿದ್ದ ದೋಷವನ್ನು 2022ರ ಮಾರ್ಚ್‌ನ 1.1.1ಎನ್‌ನಲ್ಲೇ ಸರಿಪಡಿಸಿದ್ದರು. ನಮ್ಮ ‘ಕೆ’ಯಲ್ಲಿ ಅದು ಹಾಗೇ ಇತ್ತು. 2021ರ ಗಡಿಯಾರದಲ್ಲಿ ಎಲ್ಲ ಪಾಸ್ ಆಗಿದ್ದ ಟೆಸ್ಟ್‌ಗಳು ಅದರ ಬಗ್ಗೆ ಪಿಟ್ಟೆಂದಿರಲಿಲ್ಲ. ಇಡೀ 1.1.1 ಸರಣಿಗೇ ಉಚಿತ ಬೆಂಬಲ 2023ರ ಸೆಪ್ಟೆಂಬರ್‌ನಲ್ಲಿ ನಿಂತಿದೆ. ಸೀನಿಯರ್ ಕೋಡ್ ತಿದ್ದಿ ಮೂರನೇ ಸರಣಿಗೆ ಹೋಗಲು ನಮಗೆ ಇನ್ನೆರಡು ವಾರ ಹಿಡಿಯಿತು.

ಮೇಡಂ ಇನ್ನೊಂದು ಪ್ರಶ್ನೆ ಕೇಳಿದ್ದರು: ‘ಪಾಸ್ ಆದ ಟೆಸ್ಟ್‌ಗಳು ನಿಜಕ್ಕೂ ಏನನ್ನು ನೋಡಿವೆ ಅಂತ ಗೊತ್ತಾ ನಿಮಗೆ?’ ಗೊತ್ತಿರಲಿಲ್ಲ. ತಿಳಿಯಲು ಒಂದೇ ದಾರಿ, ನಾವೇ ಕೆಡಿಸಿ ನೋಡುವುದು. ಸಂದೇಶದ ಬೆರಳಚ್ಚು ತೆಗೆಯುವ ಎಸ್‌ಎಚ್‌ಎ-256 ವಿಧಾನದಲ್ಲಿ 64 ಸ್ಥಿರಾಂಕಗಳಿವೆ, ಮೊದಲ 64 ಅವಿಭಾಜ್ಯ ಸಂಖ್ಯೆಗಳ ಘನಮೂಲದಿಂದ ತೆಗೆದವು. ಹಳೆಯ ಫೋಲ್ಡರ್‌ನ ಒಂದು ನಕಲಿನಲ್ಲಿ, ಅದರ ಸಿ ಫೈಲ್ ತೆರೆದು ಮೊದಲ ಸ್ಥಿರಾಂಕದ ಒಂದೇ ಒಂದು ಅಂಕಿ ಬದಲಿಸಿ, ಮತ್ತೆ ಮೇಕ್, ಮತ್ತೆ ಟೆಸ್ಟ್. ಹೊಸದಾಗಿ ಒಂದೂ ಫೇಲ್ ಆಗಲಿಲ್ಲ!

ಬೆವರಿಳಿಯಿತು. ಇಷ್ಟು ದೊಡ್ಡ ಲೈಬ್ರರಿಗೆ ಇಷ್ಟು ಬಡ ಟೆಸ್ಟೇ ಎಂದುಕೊಂಡೆ. ಅರ್ಧ ದಿನ ಹುಡುಕಿದ ಮೇಲೆ ತಿಳಿದದ್ದು ಬೇರೆ: ನಾನು ಕೆಡಿಸಿದ ಕೋಷ್ಟಕ ಕಂಪೈಲೇ ಆಗುತ್ತಿರಲಿಲ್ಲ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿರುವಂಥ ಪ್ರೊಸೆಸರ್‌ಗಳಿಗೆ ವೇಗಕ್ಕಾಗಿ ಪ್ರತ್ಯೇಕ ಅಸೆಂಬ್ಲಿ ಕೋಡ್ ಇದೆ. ಪರ್ಲ್ ಅದನ್ನು ತಯಾರಿಸಿ ಕೊಡುತ್ತದೆ, ಸಿ ಕೋಡ್‌ನ ಆ ಭಾಗ ಪಕ್ಕಕ್ಕುಳಿಯುತ್ತದೆ. ಪರೀಕ್ಷೆ ಬರೆದವನು ಒಬ್ಬ, ನಾನು ಜ್ವರ ಬರಿಸಿದ್ದು ಇನ್ನೊಬ್ಬನಿಗೆ! ‘ನೋ-ಎಎಸ್‌ಎಮ್’ ಎಂಬ ಆಯ್ಕೆ ಕೊಟ್ಟು ಅಸೆಂಬ್ಲಿ ಬೇಡವೆಂದು ಹೇಳಿ ಮತ್ತೆ ಬಿಲ್ಡ್ ಮಾಡಿದೆ. ಈ ಸಲ ಸಾಲುಸಾಲಾಗಿ ಬಿದ್ದವು. ‘ಎಬಿಸಿ’ ಎಂಬ ಮೂರು ಅಕ್ಷರಕ್ಕೆ ಎಸ್‌ಎಚ್‌ಎ-256 ಕೊಡಬೇಕಾದ ಉತ್ತರ ಮಾನದಂಡದಲ್ಲೇ ನಿಗದಿಯಾಗಿದೆ. ಇಂಥ ಗೊತ್ತಿರುವ ಉತ್ತರಗಳೊಂದಿಗೆ ಹೋಲಿಸುವ ಟೆಸ್ಟ್‌ಗಳೇ ನನ್ನನ್ನು ಹಿಡಿದದ್ದು. ಅವಿಲ್ಲದೆ ಬರೀ ಸಂದೇಶ ಕಳಿಸಿ ನೋಡಿದ್ದರೆ, ನನ್ನದೇ ತಪ್ಪು ಲೈಬ್ರರಿಯಿಂದ ಬೆರಳಚ್ಚು ತೆಗೆದು, ನನ್ನದೇ ತಪ್ಪು ಲೈಬ್ರರಿಯಿಂದ ತಾಳೆ ನೋಡಿ, ಎರಡೂ ಒಂದೇ ಇದೆ ಎಂದು ತೃಪ್ತಿಪಡುತ್ತಿದ್ದೆ.

ಕೆಂಪು ಸಾಲುಗಳನ್ನು ನೋಡಿ ನಾನು ನಗುತ್ತಿದ್ದಾಗ ರೂಮ್‌ಮೇಟ್ ಬಕೆಟ್ ಹಿಡಿದು ಸ್ನಾನಕ್ಕೆ ಹೊರಟಿದ್ದ. ‘ಆವತ್ತು ಒಂದು ಫೇಲ್ ಆಗಿದ್ದಕ್ಕೆ ನಿದ್ದೆ ಮಾಡ್ಲಿಲ್ಲ, ಇವತ್ತು ಇಷ್ಟೊಂದು ಫೇಲ್ ಆದ್ರೆ ಖುಷಿ ಪಡ್ತಿದ್ಯಲ್ಲೋ’ ಎಂದ. ಬದಲಿಸಿದ್ದ ಅಂಕಿಯನ್ನು ಮೊದಲಿನಂತೆ ಮಾಡಿ, ಮತ್ತೆ ‘ಮೇಕ್ ಟೆಸ್ಟ್’ ಒತ್ತಿ, ನಾನೂ ಬಕೆಟ್ ಎತ್ತಿಕೊಂಡೆ.