ಮನೋವೈದ್ಯರನ್ನು ಆರಿಸುವ ಬಗೆ

ಧಾರವಾಡಕ್ಕೆ ವಿದ್ಯೆಯ ಊರು, ಸಂಗೀತದ ಊರು, ಪೇಡೆಯ ಊರು ಎಂಬ ಹೆಸರುಗಳಿರುವಂತೆಯೇ ಇನ್ನೊಂದು ಹೆಸರೂ ಉಂಟೆಂಬುದನ್ನು ವಾಚಕರು ಬಲ್ಲರು. ಸುತ್ತಲಿನ ಜಿಲ್ಲೆಗಳಲ್ಲಿ ಯಾವನಾದರೂ ಸಂಬಂಧವಿಲ್ಲದ ಮಾತನ್ನಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಎಂದು ನಗುವುದು ಬಹುಕಾಲದ ವಾಡಿಕೆ. 1845ರಲ್ಲಿ, ಕಂಪನಿ ಸರಕಾರದ ಕಾಲದಲ್ಲಿ, ಇಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಯೇ ಈ ನಗೆಗೆ ಮೂಲವು. ಅದು ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ ಎಂಬ ಗಂಭೀರವಾದ ಹೆಸರನ್ನು ತಳೆದು, ಜನರ ಬಾಯಲ್ಲಿ ಡಿಮ್ಹಾನ್ಸ್ ಎನಿಸಿ, ರೋಗಿಗಳಿಗೆ ಚಿಕಿತ್ಸೆಯನ್ನೂ ತರುಣ ವೈದ್ಯರಿಗೆ ಮನೋವೈದ್ಯಶಾಸ್ತ್ರದ ಶಿಕ್ಷಣವನ್ನೂ ಕೊಡುತ್ತಲಿದೆ. ಹೆಸರು ಬದಲಾದರೂ ನಗೆಯು ಹೋಗಿಲ್ಲ. ಆ ನಗೆಗೆ ಅಂಜಿ ಎಷ್ಟು ಮನೆಗಳಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಒಳಕೋಣೆಯಲ್ಲಿ ಅಡಗಿಸಿದ್ದಾರೆಂಬುದನ್ನು ಬಲ್ಲವರೇ ಬಲ್ಲರು.

ಇಂಥ ರೋಗಿಗಳನ್ನು ನೋಡತಕ್ಕ ವೈದ್ಯರನ್ನು ಆರಿಸುವುದು ಹೇಗೆ? ನಮ್ಮ ದೇಶದಲ್ಲಿ ಇದಕ್ಕೆ ಉತ್ತರವು ಸರಳವಾಗಿದೆ. ಎಂ.ಬಿ.ಬಿ.ಎಸ್. ಮುಗಿಸಿದವರು ನೀಟ್ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಕುಳಿತು, ಗಣಕಯಂತ್ರದ ಮುಂದೆ 200 ಪ್ರಶ್ನೆಗಳಿಗೆ ಉತ್ತರವನ್ನು ಗುರುತಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಯಸುವವರಿಗೆ ಬೇರೊಂದು ಪರೀಕ್ಷೆಯಿದೆ; ಅದೂ ಇದೇ ಜಾತಿಯದು. ಬಂದ ಕ್ರಮಾಂಕದ ಮೇಲೆ ಸೀಟು ನಿಶ್ಚಯವಾಗುವುದು. ಮೂರು ವರ್ಷ ಅನ್ಯರ ದುಃಖವನ್ನು ಕೇಳಲು ಕೂಡತಕ್ಕ ವ್ಯಕ್ತಿಯ ಮುಖವನ್ನಾಗಲಿ ಮಾತನ್ನಾಗಲಿ ಮೊದಲು ಯಾರೂ ಪರೀಕ್ಷಿಸುವುದಿಲ್ಲ. ಬೇರೆ ವಿಭಾಗ ಸಿಕ್ಕದೆ ಇದಕ್ಕೆ ಬಂದವನೂ, ಇದೇ ಬೇಕೆಂದು ಬಂದವನೂ ಒಂದೇ ಬಾಗಿಲಿನಿಂದ ಒಳಹೊಗುವರು.

ಸಂದರ್ಶನವೆಂಬುದು ನಮ್ಮಲ್ಲಿ ಎಂದೂ ಇರಲಿಲ್ಲವೆಂದಲ್ಲ. ಹಿಂದಿನ ಮೈಸೂರು ರಾಜ್ಯದಲ್ಲಿ ವೈದ್ಯಕೀಯ ಹಾಗೂ ಇಂಜಿನಿಯರಿಂಗ ಕಾಲೇಜುಗಳ ಪ್ರವೇಶಕ್ಕೆ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆಂದು ಇಟ್ಟಿದ್ದರು. ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನಿಂದ ಪ್ರಸಿದ್ಧವಾದ ವ್ಯಾಜ್ಯದಲ್ಲಿ, 1964ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಆ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ 1981ರಲ್ಲಿ ಶ್ರೀನಗರದ ಇಂಜಿನಿಯರಿಂಗ ಕಾಲೇಜೊಂದರ ಸಂಬಂಧದ ಅಜಯ ಹಾಸಿಯಾ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯದ ಧ್ವನಿಯು ಬೇರೆಯಾಯಿತು. ಎರಡು ಮೂರು ನಿಮಿಷ ಮಾತನಾಡಿಸಿ ಮೂರನೆಯ ಒಂದಂಶ ಅಂಕಗಳನ್ನು ಹಂಚುವುದು ಸ್ವೇಚ್ಛಾಚಾರವೆಂದೂ, ಮಾತಿನ ಪರೀಕ್ಷೆಗೆ ಶೇಕಡಾ 15ಕ್ಕಿಂತ ಹೆಚ್ಚು ಅಂಕವಿರಕೂಡದೆಂದೂ ತೀರ್ಪಾಯಿತು. ಇದರಲ್ಲಿ ಅನುಭವದ ಮಾತಿದೆ. ಎದುರು ಕೂಡಿಸಿ ಕೇಳುವಾಗ ಮೊದಲು ಅಡ್ಡಹೆಸರು, ಆಮೇಲೆ ತಂದೆಯ ಉದ್ಯೋಗ, ಆಮೇಲೆ "ಇಂಥವರು ನಿಮಗೇನಾಗಬೇಕು" ಎಂಬ ವಿಚಾರಣೆ. ಹೀಗೆ ನಡೆದ ಸಂದರ್ಶನಗಳನ್ನು ನಾವು ಸಾಲೆಯ ನೌಕರಿಯಲ್ಲಿ ಸಾಕಷ್ಟು ಕಂಡಿದ್ದೇವೆ. ಅಂಕಕ್ಕೆ ಕಣ್ಣಿಲ್ಲವೆಂಬುದು ಅದರ ದೋಷವೂ ಹೌದು, ಗುಣವೂ ಹೌದು.

ಅಮೇರಿಕೆಯಲ್ಲಿ ಸಂದರ್ಶನವೇ ಪ್ರಧಾನ. ಅಲ್ಲಿ ಮನೋವೈದ್ಯಶಾಸ್ತ್ರದ ಶಿಕ್ಷಣವು ನಾಲ್ಕು ವರ್ಷಗಳದು. ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಅನೇಕ ಆಸ್ಪತ್ರೆಗಳಿಗೆ ಅರ್ಜಿ ಮಾಡುವರು. ಆಸ್ಪತ್ರೆಗಳು ಕೆಲವರನ್ನು ಕರೆದು ಮಾತನಾಡಿಸುವುವು. ಬಳಿಕ ಅಭ್ಯರ್ಥಿಯು ತನಗೆ ಮೆಚ್ಚಿಕೆಯಾದ ಆಸ್ಪತ್ರೆಗಳ ಹೆಸರನ್ನು ಕ್ರಮವಾಗಿ ಬರೆದು ಕಳಿಸಬೇಕು. ಆಸ್ಪತ್ರೆಯೂ ಅಭ್ಯರ್ಥಿಗಳ ಹೆಸರನ್ನು ಕ್ರಮವಾಗಿ ಬರೆಯಬೇಕು. ಎರಡೂ ಪಟ್ಟಿಗಳನ್ನು ಯಂತ್ರವು ಹೊಂದಿಸಿ, ಮಾರ್ಚಿಯ ಮೂರನೆಯ ಶುಕ್ರವಾರ ಯಾರಿಗೆ ಯಾವ ಆಸ್ಪತ್ರೆಯೆಂದು ಪ್ರಕಟಿಸುವುದು. ಈ ಏರ್ಪಾಡು 1952ರಿಂದ ನಡೆದಿದೆ. ವಾಚಕರಿಗೆ ಇದು ಕನ್ಯೆ ನೋಡುವ ಶಾಸ್ತ್ರದಂತೆ ತೋರಿದರೆ ಆಶ್ಚರ್ಯವಿಲ್ಲ. 1962ರಲ್ಲಿ ಗೇಲ್ ಮತ್ತು ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಇಂಥದೇ ಲೆಕ್ಕವನ್ನು ವಿವಾಹದ ದೃಷ್ಟಾಂತದಿಂದಲೇ ವಿವರಿಸಿದ್ದರು. ಶಾಪ್ಲಿಗೂ, ವೈದ್ಯರ ಈ ಹೊಂದಾಣಿಕೆಯನ್ನು ತಿದ್ದಿದ ಆಲ್ವಿನ್ ರಾತ್ ಎಂಬವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವು ಬಂದಿತು. ನಮ್ಮ ಶಾಸ್ತ್ರಕ್ಕೂ ಅವರದಕ್ಕೂ ಭೇದವೊಂದಿದೆ: ನಮ್ಮ ಪಟ್ಟಿಯನ್ನು ನೀವು ಎಷ್ಟನೆಯದಾಗಿ ಬರೆಯುವಿರೆಂದು ಅಲ್ಲಿ ಯಾರೂ ಯಾರನ್ನೂ ಒತ್ತಾಯಿಸಿ ಕೇಳಕೂಡದು.

ನಮ್ಮ ಪರಿಚಯದ ಗೃಹಸ್ಥರೊಬ್ಬರ ಮಗಳು ಹುಬ್ಬಳ್ಳಿಯಲ್ಲಿ ಕುಳಿತು ಇಂಥ ಸಂದರ್ಶನಕ್ಕೆ ಸಿದ್ಧಳಾದುದನ್ನು ನಾವು ಹತ್ತಿರದಿಂದ ನೋಡಿದೆವು. 2020ರ ಮಹಾಮಾರಿಯ ತರುವಾಯ ಅಲ್ಲಿಯ ಸಂದರ್ಶನಗಳು ಬಹುತರವಾಗಿ ಪರದೆಯ ಮೇಲೆಯೇ ನಡೆಯುತ್ತವೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತೆಂದರೆ ನಮ್ಮ ಸಂಜೆಯ ಏಳೂವರೆ. ಮನೆಯಲ್ಲಿ ಕುಕ್ಕರು ಕೂಗುವ ಹೊತ್ತು. ಅದನ್ನು ನಿಲ್ಲಿಸಬಹುದು. ಆದರೆ ಸಂಕಟವು ಬೇರೆಯೇ ಇದ್ದಿತು. ಎಲ್ಲ ಸಂದರ್ಶನಗಳಲ್ಲಿಯೂ ಕೇಳುವ ಮೊದಲ ಪ್ರಶ್ನೆ "ಮನೋವೈದ್ಯಶಾಸ್ತ್ರವೇ ಏಕೆ?" ಎಂಬುದು. ಆ ಹುಡುಗಿ ಮಾನವಸೇವೆ, ಮೆದುಳಿನ ರಹಸ್ಯ ಎಂದು ಚೆಂದದ ಉತ್ತರವೊಂದನ್ನು ಬಾಯಿಪಾಠ ಮಾಡಿದ್ದಳು. ನಿಜವಾದ ಉತ್ತರವು ಆಕೆಯ ಸೋದರತ್ತೆ. ಹದಿನೆಂಟು ವರ್ಷ ಹಿತ್ತಲ ಕೋಣೆಯಲ್ಲಿದ್ದು, ಬೀಗರು ಬಂದಾಗ ಬಾಗಿಲು ಮುಚ್ಚಿಸಿಕೊಂಡು, ಯಾವ ಔಷಧವನ್ನೂ ಕಾಣದೆ ತೀರಿಕೊಂಡವರು. ಅದನ್ನು ಹೇಳಬೇಕೆಂದು ಮಗಳು, ಕೂಡದೆಂದು ತಂದೆ.

"ಮನಿ ಮಾತು ಹೊರಗಿನವ್ರ ಮುಂದ ಯಾಕ? ನಾಳೆ ಈಕೀಗೂ ಹಂಗ ಆದೀತು ಅಂತಾರಲ್ರಿ ಮಾಸ್ತರ."

ಅವರ ಭಯವನ್ನು ಹುರುಳಿಲ್ಲದ್ದೆನ್ನುವಂತಿಲ್ಲ. ಮನೆಯವರ ರೋಗವನ್ನು ಹೇಳಬೇಕೆಂಬ ನಿರ್ಬಂಧವು ಅಭ್ಯರ್ಥಿಗೆ ಇಲ್ಲ. ಕೇಳಿದವರು ಏನು ತಿಳಿಯುವರೆಂಬ ಭರವಸೆಯೂ ಇಲ್ಲ. ಆದರೆ ಅಣ್ಣನು ತಂಗಿಯ ಹೆಸರನ್ನು ಇಂದಿಗೂ ಮೆಲುದನಿಯಲ್ಲಿ ಹೇಳುವುದನ್ನು ಕಂಡು ನಾವು ಇಷ್ಟನ್ನೇ ಎಂದೆವು: ಹೇಳುವುದೂ ಬಿಡುವುದೂ ಮಗಳಿಗೆ ಸೇರಿದ್ದು, ನೀವು ನಿಷೇಧಿಸಬೇಡಿರಿ. 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತು ಮಂದಿಗಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದ್ದುದು ಕಂಡುಬಂದಿತೆಂದೂ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಕಿ ಹೆಸರ ಹೇಳಬ್ಯಾಡ ಅಂತ ಅಷ್ಟ ಹೇಳ್ತೀನಿ" ಎಂದು ಎದ್ದರು. ಮಗಳು ಏನು ಹೇಳಿದಳೆಂದು ನಾವು ಕೇಳಲಿಲ್ಲ.

ಶಿಷ್ಯನನ್ನು ಮಾತನಾಡಿಸಿ ಆರಿಸುವುದು ಪಶ್ಚಿಮದವರ ಹೊಸ ಉಪಾಯವೆಂದು ಯಾರೂ ತಿಳಿಯಬೇಕಾದುದಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಇದಕ್ಕೆ ಕ್ರಮವನ್ನೇ ಹೇಳಿದೆ. ಮೊದಲು ಕಲಿಯುವವನು ಶಾಸ್ತ್ರವನ್ನು ಪರೀಕ್ಷಿಸತಕ್ಕದ್ದು, ಅನಂತರ ಆಚಾರ್ಯನನ್ನು. ಆಚಾರ್ಯನು ಶಿಷ್ಯನನ್ನು ಪರೀಕ್ಷಿಸುವುದು ಆಮೇಲೆ. ಶಾಂತಸ್ವಭಾವ, ಧಾರಣಶಕ್ತಿ, ಅಹಂಕಾರವಿಲ್ಲದಿರುವುದು, ಲೋಭವಿಲ್ಲದಿರುವುದು, ಸರ್ವಭೂತಗಳಿಗೆ ಹಿತವನ್ನು ಬಯಸುವುದು ಎಂದು ಗುಣಗಳ ಪಟ್ಟಿಯಿದೆ. ನೆಟ್ಟಗಿನ ಮೂಗು, ತೆಳುವಾದ ನಾಲಗೆ ಎಂಬಿವನ್ನೂ ಅದರಲ್ಲಿ ಸೇರಿಸಿದ್ದಾರೆ. ಇವು ನಮಗೆ ಸಮ್ಮತವಲ್ಲ. ಮೂಗು ಸೊಟ್ಟಗಿದ್ದೂ ಕಿವಿ ನೆಟ್ಟಗಿರುವ ವೈದ್ಯನು ಸಾಕು. ಅದೇ ಗ್ರಂಥವು ಚಿಕಿತ್ಸೆಯ ಮೂರು ಬಗೆಗಳಲ್ಲಿ ಸತ್ತ್ವಾವಜಯವನ್ನು, ಎಂದರೆ ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದನ್ನು, ಬೇರೆಯಾಗಿ ಹೇಳಿರುವುದರಿಂದ, ಮಾತಿನಿಂದ ಗುಣಪಡಿಸುವವನ ಯೋಗ್ಯತೆಯನ್ನು ಮಾತಿನಿಂದಲೇ ನೋಡಬೇಕೆಂಬುದು ಯುಕ್ತವಾಗಿ ತೋರುತ್ತದೆ.

ನಮ್ಮಲ್ಲಿ ಆ ಪರೀಕ್ಷೆಯು ಇಲ್ಲವೇ ಇಲ್ಲವೆಂದರೂ ತಪ್ಪಾದೀತು. ಅದು ಪ್ರವೇಶದ ಅನಂತರ ನಡೆಯುತ್ತದೆ, ಅಷ್ಟೆ. ಸರಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಪಾಲಿನವು. ಆದುದರಿಂದ ಕನ್ನಡದ ಒಂದಕ್ಷರವನ್ನೂ ಅರಿಯದ ತರುಣನು ಕ್ರಮಾಂಕದ ಬಲದಿಂದ ನಮ್ಮ ಕಡೆಯ ಆಸ್ಪತ್ರೆಗೆ ಬರಬಹುದು. ಮುರಿದ ಎಲುಬನ್ನು ಚಿತ್ರದಲ್ಲಿ ನೋಡಬಹುದು. ಮನೋವೈದ್ಯನಿಗೆ ಅಂಥ ಚಿತ್ರವಿಲ್ಲ. ನವಲಗುಂದದ ಕಡೆಯ ಹೆಣ್ಣುಮಗಳೊಬ್ಬಳು ಬಂದು "ಎದಿ ಹಾರತೈತ್ರಿ, ಜೀವ ಒಲ್ಲೆನಸತೈತಿ" ಎನ್ನುವಳು. ಹಾರುವ ಎದೆಯು ಹೃದ್ರೋಗವೋ, ಭಯವೋ, ಬರದ ಸಾಲವೋ ಎಂಬುದು ಆತನಿಗೆ ದುಭಾಷಿಯಿಂದ ತಿಳಿಯದು. "ಜೀವ ಒಲ್ಲೆನಸತೈತಿ" ಎಂಬುದನ್ನು ಬರಿಯ ಬೇಸರವೆಂದು ಬರೆದುಕೊಂಡರೆ, ಅಂದು ಸಂಜೆ ಆಕೆಯನ್ನು ಒಬ್ಬಳನ್ನೇ ಮನೆಗೆ ಕಳಿಸಿದಂತಾದೀತು. ಬುದ್ಧಿಯುಳ್ಳವನು ಆರು ತಿಂಗಳಲ್ಲಿ ಈ ಮಾತುಗಳನ್ನು ರೋಗಿಗಳಿಂದಲೇ ಕಲಿಯುತ್ತಾನೆ. ಅಲ್ಲಿಯವರೆಗೆ ಆಕೆಯು ಆತನ ಮುಖವನ್ನು ನೋಡುತ್ತ, ಈತನ ಮುಂದೆ ಇನ್ನಷ್ಟು ಹೇಳಬಹುದೋ ಬೇಡವೋ ಎಂದು ಅಳೆಯುತ್ತ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿರುತ್ತಾಳೆ.