ನಿಮಗಿದು ಗೊತ್ತೇ? ಮೇಣ, ಮಣ್ಣು, ಕಂಚು

ನೆಲಮಂಗಲ ದಾಟಿ ಕುಣಿಗಲ್ ಹಾದಿ ಹಿಡಿದು ಬೆಳ್ಳೂರು ಕ್ರಾಸಿನಲ್ಲಿ ತಿರುಗಿದರೆ ನಾಗಮಂಗಲ. ಅಲ್ಲಿನ ವಿಶ್ವಕರ್ಮರು ಎರಕದ ಮೂರ್ತಿಯನ್ನು ಮೊದಲು ಮೇಣದಲ್ಲೇ ಮಾಡುತ್ತಾರೆ. ಅದಕ್ಕೆ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆಯದೆ ಮೂರ್ತಿ ಹೊರಬರುವುದಿಲ್ಲ. ಒಂದು ಅಚ್ಚಿಗೆ ಒಂದೇ ದೇವರು!

ಎಷ್ಟು ಲೋಹ ಬೇಕೆಂದು ಮೊದಲೇ ತಿಳಿಯುವುದು ಹೇಗೆ? ಮೇಣವನ್ನೇ ತೂಗಿ. ಬೆಳ್ಳಿಯಾದರೆ ಅದರ 12 ಪಟ್ಟು, ಚಿನ್ನವಾದರೆ 16 ಪಟ್ಟು. ಈ ಲೆಕ್ಕ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿದೆ. (ಇಡ್ಲಿಯ ಹಿರಿಯಜ್ಜಿ ಇಡ್ಡರಿಕೆಯ ಪಾಕ ಇರುವುದೂ ಅದರಲ್ಲೇ. ದೊರೆಗೆ ಪುರುಸೊತ್ತಿತ್ತು.)

ಮೂರು ಸಾವಿರ ವರ್ಷಗಳ ಹಿಂದಿನ ಚೀನಾದ ಶಾಂಗ್ ರಾಜವಂಶದ ಕಾಲದ ಕಂಚುಗಾರರ ದಾರಿಯೇ ಬೇರೆ. ಅವರು ಪಾತ್ರೆಯ ಮಾದರಿಯನ್ನು ಜೇಡಿಮಣ್ಣಿನಲ್ಲಿ ಮಾಡಿ, ಅದರ ಮೇಲೆ ಹಸಿಮಣ್ಣು ಒತ್ತಿ, ತುಂಡುತುಂಡಾಗಿ ಬಿಡಿಸಿ ಸುಡುತ್ತಿದ್ದರು. ಪಾತ್ರೆ ಟೊಳ್ಳಾಗಬೇಕಲ್ಲ, ನಡುವೆ ಮಣ್ಣಿನ ತಿರುಳು. ಸುತ್ತ ತುಂಡುಗಳನ್ನು ಜೋಡಿಸಿದಾಗ ಉಳಿಯುವ ಸಂದೇ ಪಾತ್ರೆಯ ದಪ್ಪ. ತಿರುಳು ಒಂದು ಪಕ್ಕಕ್ಕೆ ವಾಲಿದರೆ ಗೋಡೆ ತೂತು! ಅದಕ್ಕೇ ಸಂದಿನಲ್ಲಿ ಪುಟ್ಟ ಕಂಚಿನ ಚೂರುಗಳನ್ನು ಇಡುತ್ತಿದ್ದರು. ಎರಕವಾದ ಮೇಲೆ ಅವು ಅಲ್ಲೇ ಉಳಿಯುತ್ತಿದ್ದವು. ಪಾತ್ರೆಗಳ ಮೈಮೇಲೆ ಎದ್ದು ನಿಂತ ಏಣುಗಳು ಬರೀ ಅಲಂಕಾರವಲ್ಲ, ಅನೇಕ ಕಡೆ ಅಚ್ಚಿನ ತುಂಡುಗಳು ಕೂಡುವ ಗೆರೆಯನ್ನು ಮುಚ್ಚುವ ಜಾಣತನ.

ಈ ಬಗೆಯ ಅತಿ ಭಾರದ ಪಾತ್ರೆ 1939ರಲ್ಲಿ ಆನ್ಯಾಂಗ್‌ನಲ್ಲಿ ಸಿಕ್ಕಿತು: ನಾಲ್ಕು ಕಾಲು, 832 ಕಿಲೋ. ದೊರೆಯೊಬ್ಬ ತಾಯಿಗಾಗಿ ಮಾಡಿಸಿದ್ದೆನ್ನುತ್ತಾರೆ.

ಮ್ಯೂಸಿಯಂನಲ್ಲಿ ಇಂಥ ಪಾತ್ರೆಗಳ ಮೇಲೆ ಕಾಣುವ ಹಸಿರು ಬಣ್ಣ ಮಣ್ಣಿನಡಿ ಹಿಡಿದ ಕಿಲುಬು. ಹೊಸ ಕಂಚು ಬಂಗಾರದ ಹಾಗೆ ಹೊಳೆಯುತ್ತದೆ.

ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು. ತವರ ಬೆರೆಸಿ ಕಂಚು ಮಾಡಿದರೆ ಇನ್ನೂ ಕಡಿಮೆ ಬೆಂಕಿ ಸಾಕು, ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ. ತವರ ಹೆಚ್ಚಿದರೆ ನಾದವೂ ಹೆಚ್ಚು, ಒಡೆಯುವ ಭಯವೂ ಹೆಚ್ಚು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಗಂಟೆ ಕೇಳಿದವರಿಗೆ ಇದು ಇಷ್ಟವಾದೀತು: ಕ್ರಿ.ಪೂ. 5ನೇ ಶತಮಾನದ ಚೀನೀ ಅರಸನೊಬ್ಬನ ಗೋರಿಯಲ್ಲಿ ಸಿಕ್ಕ 64 ಕಂಚಿನ ಗಂಟೆಗಳು ಒಂದೊಂದೂ ಎರಡು ಸ್ವರ ಹೊರಡಿಸುತ್ತವೆ, ನಡುವೆ ಬಡಿದರೆ ಒಂದು, ಪಕ್ಕಕ್ಕೆ ಬಡಿದರೆ ಇನ್ನೊಂದು. ಅವು ದುಂಡಗಿಲ್ಲ, ಬಾದಾಮಿಯಂತೆ ಚಪ್ಪಟೆ, ಗುಟ್ಟು ಅಲ್ಲಿದೆ.

ಮೇಣದ ಎರಕ ಹಳೇ ಕಾಲದ್ದೆಂದು ಬಿಡಬೇಡಿ. ದೇವನಹಳ್ಳಿಯಲ್ಲಿ ಇಳಿಯುವ ಜೆಟ್ ವಿಮಾನಗಳ ಎಂಜಿನ್ನಿನೊಳಗೆ ಅತಿ ಬಿಸಿ ತಾಳುವ ಟರ್ಬೈನ್ ಅಲಗುಗಳೂ ಮೊದಲು ಮೇಣವೇ. ಅವುಗಳೊಳಗೆ ಗಾಳಿಯಾಡುವ ಸಣ್ಣ ಸುರಂಗಗಳಿಗೆ ಸೆರಾಮಿಕ್ ತಿರುಳು ಇಟ್ಟು ಎರಕ ಹೊಯ್ದು, ಆಮೇಲೆ ಅದನ್ನು ರಾಸಾಯನಿಕದಿಂದ ಕರಗಿಸಿ ತೆಗೆಯುತ್ತಾರೆ.