ಜಾಕ್‌ನ ಕೈಗೆ ಕತ್ತಿ ಬಂದ ಕಥೆ

ಹಸು ಮಾರಲು ಸಂತೆಗೆ ಹೊರಟ ಜಾಕ್, ದಾರಿಯಲ್ಲೇ ಅದನ್ನು ಐದು ಬೀನ್ಸ್ ಬೀಜಕ್ಕೆ ಕೊಟ್ಟು ಬಂದ ಕಥೆ ನಿಮಗೆ ಗೊತ್ತಲ್ಲ ಮಕ್ಕಳೇ? ಅಮ್ಮ ಸಿಟ್ಟಿನಿಂದ ಬೀಜಗಳನ್ನು ಕಿಟಕಿಯಾಚೆ ಎಸೆದಳು. ಬೆಳಗಾಗುವಷ್ಟರಲ್ಲಿ ಬಳ್ಳಿ ಮುಗಿಲು ಮುಟ್ಟಿತ್ತು. ಮೇಲೆ ರಾಕ್ಷಸನ ಮನೆ. ಪಾಪ, ರಾಕ್ಷಸನ ಹೆಂಡತಿಯೇ ಹುಡುಗನಿಗೆ ತಿನ್ನಲು ಕೊಟ್ಟು, ಗಂಡ ಬಂದಾಗ ಒಲೆಯೊಳಗೆ ಬಚ್ಚಿಟ್ಟಳು. ಕೊನೆಗೆ ಕೊಡಲಿಯ ಎರಡೇ ಏಟಿಗೆ ಬಳ್ಳಿಯೂ ಬಿತ್ತು, ರಾಕ್ಷಸನೂ ಬಿದ್ದ.

ಈ ಪುಟ್ಟ ಕಥೆಯನ್ನು ಹಾಲಿವುಡ್‌ನವರು 2013ರಲ್ಲಿ ‘ಜಾಕ್ ದಿ ಜೈಂಟ್ ಸ್ಲೇಯರ್’ ಎಂಬ ಸಿನಿಮಾ ಮಾಡಿದರು. ಹಸು ಹೋಗಿ ಕುದುರೆ ಬಂತು. ಒಬ್ಬ ರಾಕ್ಷಸನ ಜಾಗದಲ್ಲಿ ಒಂದು ಪಡೆಯೇ ಬಂತು, ಅದಕ್ಕೊಬ್ಬ ಎರಡು ತಲೆಯ ನಾಯಕ. ಜೊತೆಗೆ ರಾಜಕುಮಾರಿ, ಮಾಯದ ಕಿರೀಟ, ಕೋಟೆಯ ಮುತ್ತಿಗೆ. ಒಲೆಯಲ್ಲಿ ಬಚ್ಚಿಟ್ಟ ಆ ಹೆಂಗಸಿಗೆ ಮಾತ್ರ ಜಾಗ ಸಿಗಲಿಲ್ಲ! ಖರ್ಚಾದದ್ದು 18 ಕೋಟಿ ಡಾಲರ್‌ಗೂ ಹೆಚ್ಚು. ಲೋಕವೆಲ್ಲ ಸುತ್ತಿ ಟಿಕೆಟ್‌ನಿಂದ ಬಂದದ್ದು ಸುಮಾರು 20 ಕೋಟಿ. ಅದರಲ್ಲಿ ಚಿತ್ರಮಂದಿರಗಳ ಪಾಲು ಕಳೆಯಬೇಕು, ಜಾಹೀರಾತಿನ ಖರ್ಚು ಬೇರೆ. ಹಸು ಮಾರಿದ ವ್ಯಾಪಾರವೇ ವಾಸಿ ಎನ್ನಬಹುದು.

ಇಂಥ ಸಾಹಸಕ್ಕೆ ಅವರು ಕೈಹಾಕಿದ್ದೇಕೆ? 2010ರಲ್ಲಿ ಟಿಮ್ ಬರ್ಟನ್ ಅವರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ 100 ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ಆಲಿಸ್ ಕವಚ ತೊಟ್ಟು ಘಟಸರ್ಪದಂಥ ಪ್ರಾಣಿಯ ತಲೆ ಕಡಿಯುತ್ತಾಳೆ. ಹಳೆಯ ಕಥೆಗೆ ಹಕ್ಕಿನ ಹಣ ಕೊಡಬೇಕಿಲ್ಲ, ಹೆಸರು ಎಲ್ಲರಿಗೂ ಗೊತ್ತು. 2012ರಲ್ಲಂತೂ ಒಂದೇ ವರ್ಷ ಇಬ್ಬರು ಸ್ನೋ ವೈಟ್ ಬಂದರು. ಒಬ್ಬಳು ಕವಚ ತೊಟ್ಟು ಸೈನ್ಯ ನಡೆಸಿದಳು. ಇನ್ನೊಬ್ಬಳ ‘ಮಿರರ್ ಮಿರರ್’ ಚಿತ್ರವನ್ನು ನಿರ್ದೇಶಿಸಿದವರು ನಮ್ಮ ಜಲಂಧರ್‌ನಲ್ಲಿ ಹುಟ್ಟಿದ ತರ್ಸೆಮ್ ಸಿಂಗ್. ಅಲ್ಲಿ ಏಳು ಕುಳ್ಳರು ಮರಗಾಲು ಕಟ್ಟಿಕೊಂಡ ದರೋಡೆಕೋರರು!

ತಮಾಷೆ ಇರುವುದು ‘ಹ್ಯಾನ್ಸೆಲ್ ಅಂಡ್ ಗ್ರೆಟೆಲ್: ವಿಚ್ ಹಂಟರ್ಸ್’ನಲ್ಲಿ. ಚಿಕ್ಕಂದಿನಲ್ಲಿ ಮಾಟಗಾತಿ ಬಲವಂತವಾಗಿ ಮಿಠಾಯಿ ತಿನ್ನಿಸಿದ್ದರಿಂದ ದೊಡ್ಡವನಾದ ಹ್ಯಾನ್ಸೆಲ್‌ಗೆ ಸಕ್ಕರೆ ಕಾಯಿಲೆ. ಹೊತ್ತು ಹೊತ್ತಿಗೆ ಚುಚ್ಚುಮದ್ದು ಬೇಕು. (ಅಜ್ಜಂದಿರು ನಗುವಂತಿಲ್ಲ!) ಆದರೆ ಬಂದೂಕು, ರಕ್ತ ಎಷ್ಟೆಂದರೆ ಅಮೆರಿಕದಲ್ಲಿ 17 ತುಂಬದವರು ದೊಡ್ಡವರಿಲ್ಲದೆ ಅದನ್ನು ನೋಡುವಂತಿಲ್ಲ. ಮಕ್ಕಳ ಕಥೆಗೆ ಮಕ್ಕಳಿಗೇ ಪ್ರವೇಶವಿಲ್ಲ.

‘ಹಳೆಯ ಕಥೆ ಕೆಡಿಸಿಬಿಟ್ಟರು’ ಎಂದು ಅಜ್ಜಿ ಗೊಣಗಬಹುದು. ಆದರೆ ಅಜ್ಜಿ, ಕಥೆಗಳು ಹಿಂದೆಯೂ ಸುಮ್ಮನೆ ಕೂತಿರಲಿಲ್ಲ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದಾಗ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. ಅವಳನ್ನು ಮಲತಾಯಿ ಮಾಡಿದ್ದು ಆಮೇಲೆ. ಜಾಕ್ ಕಥೆಯೂ ಹಾಗೆಯೇ. 1807ರಲ್ಲಿ ಲಂಡನ್ನಿನ ಬೆಂಜಮಿನ್ ಟಬಾರ್ಟ್ ಅದನ್ನು ಪ್ರಕಟಿಸಿದಾಗ, ರಾಕ್ಷಸನೇ ಜಾಕ್‌ನ ಅಪ್ಪನನ್ನು ಕೊಂದವನು ಎಂದು ಹೇಳಲು ಒಬ್ಬ ಕಿನ್ನರಿ ಬರುತ್ತಾಳೆ. ಹುಡುಗ ಕದ್ದದ್ದು ತಪ್ಪಲ್ಲ ಎನಿಸಬೇಕಲ್ಲ! 1890ರಲ್ಲಿ ಜೋಸೆಫ್ ಜೇಕಬ್ಸ್, ತಾವು ಬಾಲ್ಯದಲ್ಲಿ ಆಸ್ಟ್ರೇಲಿಯಾದಲ್ಲಿ ಕೇಳಿದಂತೆ ಬರೆದು ಕಿನ್ನರಿಯನ್ನು ಬಿಟ್ಟುಬಿಟ್ಟರು.

ಹಾಗಾಗಿ ಬದಲಾವಣೆಗೆ ನನ್ನ ತಕರಾರಿಲ್ಲ. ತಕರಾರು ಕತ್ತಿಯದು. ಪುಟ್ಟ ಗ್ರೆಟೆಲ್ ಬಳಿ ಆಯುಧವಿರಲಿಲ್ಲ. ‘ಒಲೆಯೊಳಗೆ ಹೋಗುವುದು ಹೇಗೆ, ತೋರಿಸು’ ಎಂದು ಪೆದ್ದಿಯಂತೆ ನಟಿಸಿ ಮಾಟಗಾತಿಯನ್ನು ಒಳಗೆ ತಳ್ಳಿದಳು. ಹಾಸಿಗೆಯಲ್ಲಿ ಮಲಗಿ ಕೇಳುವ ಆರು ವರ್ಷದ ಮಗುವಿಗೆ ಇದು ತಾನೂ ಮಾಡಬಹುದಾದ ಕೆಲಸ ಅನಿಸುತ್ತದೆ. ಸಿನಿಮಾದಲ್ಲಿ ಒಲೆಯ ಪ್ರಸಂಗ ಮೊದಲ ಕೆಲವು ನಿಮಿಷಗಳಲ್ಲೇ ಮುಗಿದು, ಉಳಿದದ್ದೆಲ್ಲ ಗುಂಡಿನ ಸದ್ದು.

ಕತ್ತಿಯಿಲ್ಲದ ಸಿನಿಮಾ ನೋಡಬೇಕೆ? ಗಿರೀಶ ಕಾರ್ನಾಡರು 1992ರಲ್ಲಿ ಮಾಡಿದ ‘ಚೆಲುವಿ’ ಇದೆ. ಮಾತು ಹಿಂದಿಯದು, ಕಥೆ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ್ದು. ಹುಡುಗಿಯೊಬ್ಬಳು ಹೂವಿನ ಗಿಡವಾಗುತ್ತಾಳೆ. ನೀರು ಸುರಿದರೆ ಮತ್ತೆ ಹುಡುಗಿ. ಹೂ ಕೀಳುವಾಗ ಒಂದು ಎಲೆಗೂ ನೋವಾಗಬಾರದು. ಆ ಮಾತನ್ನು ಮರೆತ ದಿನ ಏನಾಯಿತು ಎಂಬುದನ್ನು ಇವತ್ತು ರಾತ್ರಿ ಅಜ್ಜಿಯನ್ನೇ ಕೇಳಿ.